ಚಪ್ಪರದ ಬಳ್ಳಿಗೆ ಏನಾಗಿದೆ? ಮನೆಯಂಗಳದ ಹೀರೆ, ಹಾಗಲ, ಸೋರೆ, ಪಡವಲಗಳ ದೋಷ ನಿವಾರಣೆ ಕೈಪಿಡಿ

ಮೈಸೂರು, ಮಂಡ್ಯ ಕಡೆಯ ಹಿತ್ತಲುಗಳಲ್ಲಿ ಒಂದು ಚಪ್ಪರ, ಅದರ ಮೇಲೆ ಹೀರೆಯೋ ಹಾಗಲವೋ ಹಬ್ಬಿರುವುದು ಇಂದಿಗೂ ಅಪರೂಪವಲ್ಲ. ಬಡಾವಣೆಗಳ ಸಣ್ಣ ನಿವೇಶನಗಳಲ್ಲಿ ಅಂಗಳ ಉಳಿಯದೆ ಚಪ್ಪರವು ತಾರಸಿಯನ್ನು ಏರಿದೆ, ಅಷ್ಟೆ. ಬಳ್ಳಿಯಲ್ಲಿ ತೊಂದರೆ ಕಾಣಿಸಿದ ಕೂಡಲೇ ಹೆಚ್ಚಿನವರು ಮಾಡುವ ಮೊದಲ ಕೆಲಸವೆಂದರೆ ಎರಡು ಎಲೆ ಕಿತ್ತುಕೊಂಡು ಔಷಧಿ ಅಂಗಡಿಗೆ ಹೋಗುವುದು. ಹಲವು ವರ್ಷ ಚಪ್ಪರ ಕಟ್ಟಿ, ಬಳ್ಳಿ ಹಬ್ಬಿಸಿ ನಾನು ಕಂಡುಕೊಂಡಿರುವುದು ಬೇರೆ: ಬಳ್ಳಿಯ ಬಹುಪಾಲು ದೋಷಗಳನ್ನು ಗುರುತಿಸಲು ಬೇಕಾದುದು ಔಷಧಿಯಲ್ಲ, ಸರಿಯಾದ ಹೊತ್ತಿನಲ್ಲಿ ನೋಡುವ ಕಣ್ಣು. ಬೆಳಿಗ್ಗೆ 9 ಗಂಟೆಗೆ ಕಚೇರಿಗೆ ಹೊರಡುವ ಮುನ್ನ ಒಮ್ಮೆ ಕಣ್ಣಾಡಿಸಿದರೆ ಚಪ್ಪರದ ಅರ್ಧ ಸಂಗತಿಗಳು ತಪ್ಪಿಹೋಗುತ್ತವೆ. ಆದ್ದರಿಂದ ಕೆಳಗಿನ ಯಾವ ಲಕ್ಷಣವನ್ನು ಪರೀಕ್ಷಿಸುವ ಮೊದಲೂ ಒಂದೇ ದಿನದಲ್ಲಿ ಮೂರು ಸಲ, ಅಂದರೆ ಇಬ್ಬನಿ ಆರುವ ಮುನ್ನ, ನಡು ಮಧ್ಯಾಹ್ನ ಮತ್ತು ಸಂಜೆ ದೀಪ ಹಚ್ಚುವ ಹೊತ್ತಿಗೆ, ಬಳ್ಳಿಯ ಬಳಿ ಐದೈದು ನಿಮಿಷ ನಿಲ್ಲಬೇಕೆಂದು ಕೇಳಿಕೊಳ್ಳುತ್ತೇನೆ.

ಲಕ್ಷಣ: ಚಪ್ಪರ ವಾಲಿದೆ, ಅಥವಾ ನಡುವೆ ಜೋತುಬಿದ್ದಿದೆ

ಇದನ್ನು ಮೊದಲಿಗೇ ಇಟ್ಟಿರುವುದಕ್ಕೆ ಕಾರಣವಿದೆ. ಬಳ್ಳಿಯ ರೋಗ ಒಂದು ವಾರ ಕಾಯಬಲ್ಲದು, ಆದರೆ ವಾಲಿದ ಚಪ್ಪರ ಮುಂದಿನ ಮಳೆಯವರೆಗೂ ನಿಲ್ಲುತ್ತದೆಂಬ ಖಾತರಿಯಿಲ್ಲ. ನಮ್ಮ ಕಡೆ ಏಪ್ರಿಲ್ ಮತ್ತು ಮೇ ತಿಂಗಳ ಗುಡುಗು ಮಳೆ ಗಾಳಿಯನ್ನು ಹೊತ್ತೇ ಬರುತ್ತದೆ. ಒಣಗಿದ್ದಾಗ ಹಗುರವಾಗಿ ಕಾಣುವ ಹಂದರ ನೀರು ಹೀರಿದ ಎಲೆ, ತೂಗುವ ಕಾಯಿ, ಬೀಸುವ ಗಾಳಿ ಮೂರೂ ಸೇರಿದಾಗ ಹಾಯಿಯಂತೆ ಎಳೆಯುತ್ತದೆ.

ಕೈ ಹಾಕುವ ಮುನ್ನ ತಲೆಯೆತ್ತಿ ನೋಡಿ. ಕಂಬದಿಂದ ಮನೆಗೆ ಬರುವ ವಿದ್ಯುತ್ ತಂತಿ ಚಪ್ಪರದ ಹತ್ತಿರ ಹಾದುಹೋಗಿದ್ದರೆ, ಅಥವಾ ಬಳ್ಳಿಯ ಕುಡಿ ಅದನ್ನು ಈಗಾಗಲೇ ಹಿಡಿದಿದ್ದರೆ, ಅಲ್ಲಿಗೇ ನಿಲ್ಲಿಸಿ. ಹಸಿ ಬಳ್ಳಿ, ನೆನೆದ ಬಿದಿರು, ಚಪ್ಪರದ ಕಬ್ಬಿಣದ ತಂತಿ ಇವೆಲ್ಲವೂ ವಿದ್ಯುತ್ತನ್ನು ಕೈವರೆಗೆ ತರಬಲ್ಲವು. ಕುಡಿಯನ್ನು ಕೋಲಿನಿಂದ ಬಿಡಿಸಲು ಹೋಗದೆ 1912ಕ್ಕೆ ಕರೆ ಮಾಡಿ, ಲೈನ್‌ಮನ್ ಬಂದು ಸಂಪರ್ಕ ತಪ್ಪಿಸಿದ ಮೇಲೆಯೇ ಕೆಲಸ ಮುಂದುವರಿಸಬೇಕು. ವಿದ್ಯುತ್ ಕಂಬಕ್ಕಾಗಲಿ ಅದರ ಆಧಾರದ ಎಳೆತಂತಿಗಾಗಲಿ ಚಪ್ಪರವನ್ನು ಕಟ್ಟುವುದು ಯಾವ ಕಾಲಕ್ಕೂ ಸಲ್ಲದು.

ಮೇಲೆ ತೊಂದರೆಯಿಲ್ಲವೆಂದಾದರೆ ಮೊದಲು ಭಾರ ಇಳಿಸಿ. ಕುಯ್ಯಬಹುದಾದ ಕಾಯಿಗಳನ್ನೆಲ್ಲ ಕುಯ್ದು, ಒಣಗಿದ ಎಲೆ ತೆಗೆದರೆ ಎಷ್ಟೋ ಸಲ ಚಪ್ಪರ ಅರ್ಧ ಅಡಿ ಮೇಲಕ್ಕೆ ಬರುತ್ತದೆ. ಆಮೇಲೆ ಪ್ರತಿ ಗಳುವನ್ನೂ ಎದೆಯ ಎತ್ತರದಲ್ಲಿ ಹಿಡಿದು ಮೆಲ್ಲಗೆ ತಳ್ಳಿ ನೋಡಿ. ಬುಡದ ಸುತ್ತ ಮಣ್ಣು ಬಾಯಿಬಿಟ್ಟು ಗಳು ಪೂರ್ತಿಯಾಗಿ ಅಲುಗಾಡಿದರೆ ದೋಷ ಮಣ್ಣಿನಲ್ಲಿದೆ, ಗುಂಡಿ ಆಳ ಸಾಲದು ಅಥವಾ ಮಣ್ಣು ಸರಿಯಾಗಿ ಬಡಿದಿಲ್ಲ. ಮಣ್ಣು ಅಲುಗದೆ ಗಳು ಮಾತ್ರ ನೆಲಮಟ್ಟದಲ್ಲಿ ಬಾಗಿದರೆ ಅಲ್ಲಿ ಕೊಳೆತಿದೆ. ಖಚಿತಪಡಿಸಿಕೊಳ್ಳಲು ಸ್ಕ್ರೂಡ್ರೈವರಿನ ತುದಿಯನ್ನು ನೆಲಮಟ್ಟದಲ್ಲಿ ಒತ್ತಿ ನೋಡಬೇಕು; ಅರ್ಧ ಅಂಗುಲ ಸಲೀಸಾಗಿ ಇಳಿದರೆ ಆ ಗಳುವನ್ನು ನಂಬುವಂತಿಲ್ಲ. ಬಿದಿರಾಗಲಿ ಸರ್ವೆಯಾಗಲಿ ಮಣ್ಣಿನ ಆಳದಲ್ಲಿ ಕೊಳೆಯುವುದಕ್ಕಿಂತ ಬೇಗ ನೆಲಮಟ್ಟದಲ್ಲಿ ಕೊಳೆಯುತ್ತದೆ, ಏಕೆಂದರೆ ತೇವ ಮತ್ತು ಗಾಳಿ ಎರಡೂ ಒಟ್ಟಿಗೆ ಸಿಗುವುದು ಆ ಗೇಣುದ್ದದ ಭಾಗದಲ್ಲಿ ಮಾತ್ರ. ಗಳುವಿನ ಮೇಲೆ ಮಣ್ಣಿನ ಗೆರೆಗಳು ಏರಿದ್ದರೆ ಅದು ಗೆದ್ದಲು.

ನಮ್ಮ ಮನೆಯ ಚಪ್ಪರ ಒಂದು ಏಪ್ರಿಲ್ ಸಂಜೆ ಪೂರ್ತಿ ಮಲಗಿದಾಗ ಮೂರು ಗಳುಗಳೂ ಮುರಿದದ್ದು ಇದೇ ಜಾಗದಲ್ಲಿ. ಮೇಲಿನ ಆರಡಿ ಹೊಸದರಂತೆಯೇ ಇತ್ತು. ಅಂದಿನಿಂದ ನಾನು ಗಳುವನ್ನು ಮಣ್ಣಿಗೆ ನೇರವಾಗಿ ಹುಗಿಯುವುದನ್ನು ಬಿಟ್ಟೆ. ಎರಡಡಿ ನೆಲದಲ್ಲಿ, ಎರಡಡಿ ಮೇಲೆ ಇರುವಂತೆ ಜಿಐ ಪೈಪಿನ ತುಂಡನ್ನೋ ಕಲ್ಲುಕಂಬವನ್ನೋ ನೆಟ್ಟು, ಗಳು ನೆಲಕ್ಕೆ ತಾಗದಂತೆ ಅದಕ್ಕೆ ಎರಡು ಕಡೆ ಬಿಗಿದು ಕಟ್ಟುತ್ತೇನೆ. ಗಳು ಸವೆದರೆ ಬದಲಿಸುವುದು ಹತ್ತು ನಿಮಿಷದ ಕೆಲಸ.

ಗಳುಗಳೆಲ್ಲ ನೆಟ್ಟಗಿದ್ದು ನಡುಭಾಗ ಮಾತ್ರ ಜೋತಿದ್ದರೆ ತಂತಿ ಸಡಿಲವಾಗಿದೆ ಅಥವಾ ಕಂಬಗಳ ಅಂತರ ಹೆಚ್ಚಾಗಿದೆ. 10 ಅಡಿಗಿಂತ ದೂರ ಬೇಡ. ಮೂಲೆಯ ಕಂಬಗಳು ಒಳಮುಖವಾಗಿ ವಾಲಿದ್ದರೆ ತಂತಿಯ ಬಿಗಿತಕ್ಕೆ ಎದುರಾಗಿ ಹೊರಗಿನಿಂದ ಎಳೆಯುವ ಆಧಾರವಿಲ್ಲವೆಂದು ಅರ್ಥ. ಮೂಲೆಯಿಂದ ನಾಲ್ಕಡಿ ಆಚೆ ಗೂಟ ಬಡಿದು ಓರೆಯಾಗಿ ಎಳೆತಂತಿ ಕೊಟ್ಟರೆ ಸಾಕು. ಬಳ್ಳಿಯ ಭಾರವಿರುವಾಗಲೇ ತಂತಿಯನ್ನು ತಿರುಚಿ ಬಿಗಿಮಾಡಬೇಡಿ. ತುಂಡಾದ ತಂತಿ ಚಿಮ್ಮಿ ಕಣ್ಣಿಗೆ ಬಡಿಯುವ ಅಪಾಯ ನಿಜವಾದದ್ದು. ಮೊದಲು ಕವಲಿರುವ ಕೋಲುಗಳಿಂದ ಹಂದರವನ್ನು ಎತ್ತಿ ನಿಲ್ಲಿಸಿ, ಭಾರ ಕೋಲಿನ ಮೇಲೆ ಬಂದ ನಂತರ ತಂತಿ ಬಿಗಿಯಿರಿ. ಚಪ್ಪರ ಬಿದ್ದರೂ ಬಳ್ಳಿಯನ್ನು ಕತ್ತರಿಸುವ ಆತುರ ಬೇಡ. ಬುಡದ ಕಾಂಡ ಸೀಳದಿದ್ದರೆ, ಇಬ್ಬರು ಎರಡು ತುದಿಯಿಂದ ನಿಧಾನವಾಗಿ ಎತ್ತಿ ನಿಲ್ಲಿಸಿದ ಹಂದರದಲ್ಲಿ ಒಂದೆರಡು ವಾರದಲ್ಲಿ ಹೊಸ ಕುಡಿ ಕಾಣುತ್ತದೆ.

ತಾರಸಿಯ ಪ್ಯಾರಪೆಟ್ ಗೋಡೆಗೆ ಬೋಲ್ಟು ಹಾಕಿ ನಿಲ್ಲಿಸಿದ ಚಪ್ಪರದ ಸುತ್ತ ಗೋಡೆ ಬಿರುಕುಬಿಟ್ಟಿದ್ದರೆ ಅದು ತೋಟಗಾರಿಕೆಯ ಪ್ರಶ್ನೆಯಲ್ಲ. ಕೆಳಗಿನ ರಸ್ತೆಯಲ್ಲಿ ಜನ ಓಡಾಡುತ್ತಾರೆ. ಅಂದೇ ಹಂದರವನ್ನು ಇಳಿಸಿ ಗಾರೆ ಮೇಸ್ತ್ರಿಯನ್ನು ಕರೆಯಬೇಕು.

ಲಕ್ಷಣ: ಬಳ್ಳಿ ಚಪ್ಪರ ಹತ್ತುತ್ತಿಲ್ಲ, ನೆಲದಲ್ಲೇ ಸುತ್ತುತ್ತಿದೆ

ಹೀರೆ, ಹಾಗಲ, ಸೋರೆ, ಪಡವಲಗಳು ತಮ್ಮ ಕಾಂಡವನ್ನೇ ಆಸರೆಗೆ ಸುತ್ತಿ ಏರುವುದಿಲ್ಲ, ಗಿಣ್ಣಿನಿಂದ ಹೊರಡುವ ನೂಲಿನಂತಹ ಕುಡಿಗಳಿಂದ ಹಿಡಿದು ಏರುತ್ತವೆ. ಆ ಕುಡಿ ಸುರುಳಿಯಾಗಿ ಸುತ್ತಲು ಪೆನ್ಸಿಲ್ ದಪ್ಪದ, ಅಥವಾ ಅದಕ್ಕಿಂತ ತೆಳುವಾದ ಆಸರೆ ಬೇಕು. ದಪ್ಪ ಪೈಪು, ನುಣುಪಾದ ಬಿದಿರು ಅದರ ಹಿಡಿತಕ್ಕೆ ಬರುವುದಿಲ್ಲ. ಚಪ್ಪರದಿಂದ ಬುಡದವರೆಗೆ ಸೆಣಬಿನ ದಾರ ಇಳಿಬಿಟ್ಟು, ಬಳ್ಳಿಯನ್ನು ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿದರೆ ಎರಡು ಮೂರು ದಿನದಲ್ಲಿ ಅದು ತಾನೇ ದಾರಿ ಹಿಡಿಯುತ್ತದೆ. ಚಪ್ಪರದವರೆಯ ಕಥೆ ಇದಕ್ಕೆ ವಿರುದ್ಧ: ಅದರ ಕಾಂಡವೇ ಸುತ್ತುವುದರಿಂದ ಬಿದಿರ ಗಳು ಸಾಕು.

ದಾರವಿದ್ದೂ ಬಳ್ಳಿ ಎರಡಡಿಗೇ ನಿಂತು ಎಲೆಗಳು ಚಿಕ್ಕದಾಗಿದ್ದರೆ ಬೇರಿಗೆ ಜಾಗವಿಲ್ಲ. ತಾರಸಿಯಲ್ಲಿ ಇದು ಬಹಳ. ಸೋರೆ, ಹೀರೆಗಳಿಗೆ ಒಂದು ಬಳ್ಳಿಗೆ 40 ಲೀಟರಿನಷ್ಟಾದರೂ ಮಣ್ಣು ಹಿಡಿಯುವ ಡ್ರಮ್ಮು ಬೇಕೆಂಬುದು ನನ್ನ ಅನುಭವ. ಪೇಂಟಿನ ಬಕೆಟ್ಟಿನಲ್ಲಿ ನಾಲ್ಕು ಬೀಜ ಹಾಕಿದರೆ ನಾಲ್ಕೂ ಕುಂಟುತ್ತವೆ. ಚೆನ್ನಾಗಿರುವ ಒಂದನ್ನು ಉಳಿಸಿ ಮಿಕ್ಕವನ್ನು ಕೀಳದೆ ಕತ್ತರಿಯಿಂದ ಬುಡಕ್ಕೆ ಕತ್ತರಿಸಬೇಕು, ಕಿತ್ತರೆ ಉಳಿದದ್ದರ ಬೇರೂ ಅಲುಗುತ್ತದೆ.

ಲಕ್ಷಣ: ಚಪ್ಪರದ ತುಂಬ ಹೂವು, ಕಾಯಿ ಒಂದೂ ಇಲ್ಲ

ಅತಿ ಹೆಚ್ಚು ಜನ ಕೇಳುವ, ಅತಿ ಹೆಚ್ಚು ಔಷಧಿ ವ್ಯರ್ಥವಾಗುವ ಲಕ್ಷಣ ಇದು.

ಹೂವಿನ ಹಿಂಭಾಗ ನೋಡಿ. ದಳಗಳ ಕೆಳಗೆ ಕಿರುಬೆರಳಿನಂತಹ ಪುಟ್ಟ ಕಾಯಿಯ ಆಕಾರವಿದ್ದರೆ ಅದು ಹೆಣ್ಣು ಹೂವು. ಬರಿಯ ತೊಟ್ಟಿದ್ದರೆ ಗಂಡು. ಈ ಬಳ್ಳಿಗಳಲ್ಲಿ ಗಂಡು ಹೂವು ಮೊದಲು ಬರುವುದು, ಹೆಣ್ಣಿಗಿಂತ ಹಲವು ಪಟ್ಟು ಹೆಚ್ಚಾಗಿ ಬರುವುದು ಸಹಜ. ಹಾಗಾಗಿ ಮೊದಲ ಎರಡು ವಾರ ಉದುರುವ ಹೂಗಳೆಲ್ಲ ಗಂಡಾಗಿದ್ದರೆ ಅದು ದೋಷವೇ ಅಲ್ಲ, ಕಾಯಬೇಕು.

ಎರಡು ವಾರ ಕಳೆದರೂ ಹೆಣ್ಣು ಹೂವು ಕಾಣದಿದ್ದರೆ ಎಲೆಗಳನ್ನು ಗಮನಿಸಿ. ಕಪ್ಪೆನ್ನುವಷ್ಟು ದಟ್ಟ ಹಸಿರು, ಅಂಗೈ ಮೀರಿದ ಅಗಲ, ಭರದಿಂದ ಚಾಚುವ ಬಳ್ಳಿ ಇದ್ದರೆ ಸಾರಜನಕ ಮಿತಿಮೀರಿದೆ. ಯೂರಿಯಾ, ಹಸಿ ಸಗಣಿ, ಹಿಂಡಿಯ ನೀರು, ಎಲ್ಲವನ್ನೂ ಮೂರು ವಾರ ನಿಲ್ಲಿಸಿ. ಬೇಸಗೆಯ ಬಿರುಬಿಸಿಲೂ ಗಂಡು ಹೂವನ್ನೇ ಹೆಚ್ಚಿಸುತ್ತದೆ, ಅದಕ್ಕೆ ಕಾಯುವುದೇ ಪರಿಹಾರ. ಸೋರೆಯಲ್ಲಿ ಮುಖ್ಯ ಬಳ್ಳಿಗಿಂತ ಪಕ್ಕದ ಕವಲುಗಳಲ್ಲಿ ಹೆಣ್ಣು ಹೂವು ಹೆಚ್ಚು ಬರುವುದರಿಂದ, ಬಳ್ಳಿ ಚಪ್ಪರ ಮುಟ್ಟಿದಾಗ ತುದಿಯ ಚಿಗುರು ಚಿವುಟುವುದು ಖರ್ಚಿಲ್ಲದ ಉಪಾಯ.

ಚಪ್ಪರದವರೆ ಹೂ ಬಿಡದಿದ್ದರೆ ಕಾರಣವೇ ಬೇರೆ. ನಮ್ಮ ಸೊಗಡಿನ ಹಳೆಯ ಅವರೆ ತಳಿಗಳು ಹಗಲು ಮೊಟಕಾಗುವುದನ್ನು ಅರಿತು ಹೂ ಬಿಡುವಂಥವು. ಜೂನಿನಲ್ಲಿ ಬಿತ್ತಿ ಆಗಸ್ಟಿನಲ್ಲಿ ಹೂವಿಲ್ಲವೆಂದು ಗೊಬ್ಬರ ಸುರಿಯುವುದರಿಂದ ಎಲೆ ಹೆಚ್ಚುತ್ತದೆಯೇ ಹೊರತು ಹೂವು ಬರುವುದಿಲ್ಲ. ಬಳ್ಳಿಯ ಮೇಲೆ ರಾತ್ರಿಯಿಡೀ ಬೀದಿದೀಪ ಬೀಳುತ್ತಿದ್ದರೆ ಅದಕ್ಕೆ ಹಗಲು ಮುಗಿದದ್ದೇ ತಿಳಿಯದೆ ಹೋಗಬಹುದು. ತೊಂಡೆಯಲ್ಲಿ ಗಂಡು ಹೆಣ್ಣು ಬೇರೆ ಬೇರೆ ಬಳ್ಳಿಗಳೇ ಆಗಿರುವುದರಿಂದ, ಬೀಜದಿಂದ ಹುಟ್ಟಿದ ಬಳ್ಳಿ ಗಂಡಾಗಿದ್ದರೆ ಎಷ್ಟು ವರ್ಷ ಕಾದರೂ ಕಾಯಿಲ್ಲ. ಕಾಯಿ ಬಿಡುವ ಬಳ್ಳಿಯಿಂದ ಕಡ್ಡಿ ತಂದು ನೆಡಬೇಕು.

ಲಕ್ಷಣ: ಹೀಚು ಮೂಡುತ್ತದೆ, ಹಳದಿಯಾಗಿ ಉದುರುತ್ತದೆ

ಹೆಣ್ಣು ಹೂವು ಬಂದು, ಅದರ ಹಿಂದಿನ ಹೀಚು ಮೂರು ನಾಲ್ಕು ದಿನದಲ್ಲಿ ತುದಿಯಿಂದ ಹಳದಿಯಾಗಿ ಸುಕ್ಕುಗಟ್ಟಿ ಉದುರಿದರೆ, ಹೀಚಿನ ಮೇಲೆ ಚುಚ್ಚಿದ ಗುರುತು ಇಲ್ಲದಿದ್ದರೆ, ಬಹುತೇಕ ಪರಾಗಸ್ಪರ್ಶ ನಡೆದಿಲ್ಲವೆಂದೇ ಅರ್ಥ. ಕೈಯಿಂದ ಪರಾಗ ಮುಟ್ಟಿಸಿ ಪರೀಕ್ಷಿಸುವುದು ಸುಲಭ, ಆದರೆ ಹೊತ್ತು ತಪ್ಪಿದರೆ ಪ್ರಯೋಜನವಿಲ್ಲ.

ಹಾಗಲ, ತುಪ್ಪದ ಹೀರೆ, ಸಿಹಿಗುಂಬಳಗಳ ಹೂವು ನಸುಕಿನಲ್ಲಿ ಅರಳುತ್ತದೆ. ಇವುಗಳಿಗೆ ಬೆಳಿಗ್ಗೆ 8 ಗಂಟೆಯೊಳಗೆ ಮುಟ್ಟಿಸಬೇಕು. ಹೀರೆ, ಸೋರೆ, ಪಡವಲಗಳದು ಸಂಜೆಯ ಹೂವು. ಹೀರೆ, ಸೋರೆ ಸಂಜೆ 5 ಗಂಟೆಯ ನಂತರ ಬಿಚ್ಚತೊಡಗುತ್ತವೆ. ಪಡವಲದ ಜಾಲರಿಯಂತಹ ಬಿಳಿ ಹೂವು ಕತ್ತಲಾಗುವಾಗ ಬಿಚ್ಚಿಕೊಳ್ಳುತ್ತದೆ, ಅದನ್ನು ನೋಡುವುದೇ ಒಂದು ಭಾಗ್ಯ. ಬೆಳಿಗ್ಗೆ ಎದ್ದು ಮುದುಡಿದ ಹೀರೆ ಹೂವಿಗೆ ನಾನು ಎರಡು ವಾರ ಪರಾಗ ಹಚ್ಚಿದೆ, ಹೀಚುಗಳು ಉದುರುತ್ತಲೇ ಇದ್ದವು. ಕಾಂಪೌಂಡಿನ ಆಚೆಯಿಂದ ನೋಡುತ್ತಿದ್ದ ನೆರೆಮನೆಯ ಅಜ್ಜಿ, "ಹೊತ್ತಾರೆ ಏನು ಹುಡುಕ್ತಿಯಪ್ಪಾ ಅದ್ರಲ್ಲಿ, ದೀಪ ಹಚ್ಚೋ ಹೊತ್ಗೆ ಬಂದು ನೋಡು" ಎಂದರು. ಅಂದು ಸಂಜೆ ಚಪ್ಪರ ಹಳದಿಯಾಗಿ ಮಿನುಗುತ್ತಿತ್ತು. ಹಚ್ಚಿದ ಐದು ಹೀಚುಗಳಲ್ಲಿ ನಾಲ್ಕು ನಿಂತವು.

ಕ್ರಮ ಇಷ್ಟು: ಆಗಷ್ಟೇ ಅರಳಿದ ಗಂಡು ಹೂವನ್ನು ಕಿತ್ತು, ದಳಗಳನ್ನು ಬಿಡಿಸಿ, ನಡುವಿನ ಹಳದಿ ಪುಡಿಯಿರುವ ಭಾಗವನ್ನು ಹೆಣ್ಣು ಹೂವಿನ ನಡುವಿನ ಅಂಟಾದ ತುದಿಗೆ ಮೃದುವಾಗಿ ಸವರಬೇಕು. ಒಂದು ಗಂಡು ಹೂವು ಎರಡು ಮೂರು ಹೆಣ್ಣಿಗೆ ಸಾಕು. ಮುಟ್ಟಿಸಿದ ತೊಟ್ಟಿಗೆ ಬಣ್ಣದ ನೂಲು ಕಟ್ಟಿ. ನಾಲ್ಕು ದಿನದ ನಂತರ ನೂಲು ಕಟ್ಟಿದವು ಬೆಳೆದು, ಕಟ್ಟದವು ಉದುರಿದರೆ ದೋಷ ಸಾಬೀತಾಯಿತು: ಜೇನು, ಪತಂಗಗಳು ಬರುತ್ತಿಲ್ಲ. ಹತ್ತಿರದಲ್ಲಿ ಯಾರು ಏನು ಸಿಂಪಡಿಸುತ್ತಿದ್ದಾರೆಂದು ಯೋಚಿಸಬೇಕಾದ ಸಮಯ ಅದು. ನೂಲು ಕಟ್ಟಿದವೂ ಉದುರಿದರೆ ಬಳ್ಳಿಗೆ ಸಾಕುವ ಶಕ್ತಿಯಿಲ್ಲ. ನೀರಿನ ಏರುಪೇರು, ಮಣ್ಣಿನ ಸಾರ, ಈಗಾಗಲೇ ಬಳ್ಳಿಯಲ್ಲಿ ಬಲಿಯಲು ಬಿಟ್ಟ ಕಾಯಿ, ಈ ಮೂರನ್ನೂ ನೋಡಿ. ಬೀಜಕ್ಕೆಂದು ಬಿಟ್ಟ ಒಂದೆರಡು ಕಾಯಿಗಳು ಇಡೀ ಬಳ್ಳಿಯ ಹೊಸ ಹೀಚನ್ನು ತಡೆಯಬಲ್ಲವು.

ಲಕ್ಷಣ: ಕಾಯಿ ಸೊಟ್ಟಗಾಗಿದೆ, ಅಂಟು ಒಸರುತ್ತಿದೆ, ಒಳಗೆ ಹುಳು

ಸೊಟ್ಟ ಕಾಯಿಗೆ ಎರಡು ಕಾರಣಗಳಿವೆ. ಮೈ ನುಣುಪಾಗಿದ್ದು ಒಂದು ತುದಿ ಮಾತ್ರ ಸಣಕಲಾಗಿದ್ದರೆ ಪರಾಗ ಅರೆಬರೆಯಾಗಿ ಮುಟ್ಟಿದೆ; ಅಂತಹ ಕಾಯಿಯನ್ನು ಧಾರಾಳವಾಗಿ ತಿನ್ನಬಹುದು. ಪಡವಲ ಸುರುಳಿ ಸುತ್ತುತ್ತಿದ್ದರೆ ಅದು ರೋಗವಲ್ಲ, ಎಳೆಯದಿರುವಾಗಲೇ ತುದಿಗೆ ಸಣ್ಣ ಕಲ್ಲು ಕಟ್ಟುವ ನಮ್ಮ ಹಿರಿಯರ ಪದ್ಧತಿ ಇಂದಿಗೂ ಸರಿಯಾದದ್ದೇ.

ಆದರೆ ಬಾಗಿದ ಜಾಗದಲ್ಲಿ ಸೂಜಿಮೊನೆಯಷ್ಟು ತೂತು, ಅದರ ಮೇಲೆ ಗಟ್ಟಿಯಾದ ಅಂಟಿನ ಹನಿ ಇದ್ದರೆ ಅದು ಹಣ್ಣು ನೊಣದ ಕೆಲಸ. ಎಳೆಯ ಕಾಯಿಯ ಸಿಪ್ಪೆ ಚುಚ್ಚಿ ಮೊಟ್ಟೆ ಇಟ್ಟು ಹೋಗುತ್ತದೆ, ಒಳಗೆ ಬಿಳಿ ಹುಳುಗಳು ತಿರುಳನ್ನು ತಿನ್ನುತ್ತವೆ, ಕಾಯಿ ಕೊಳೆತು ಬೀಳುತ್ತದೆ, ಹುಳು ಮಣ್ಣಿಗಿಳಿದು ಕೋಶವಾಗಿ ಹೊಸ ನೊಣವಾಗಿ ಮೇಲೇಳುತ್ತದೆ. ಹುಳು ಕಾಯಿಯೊಳಗೆ ಇರುವುದರಿಂದ ಮೇಲಿನಿಂದ ಹೊಡೆದ ಔಷಧಿ ಅದನ್ನು ಮುಟ್ಟುವುದಿಲ್ಲ. ಆ ಸರಪಳಿಯನ್ನು ಕೈಯಿಂದಲೇ ತುಂಡರಿಸಬೇಕು. ಬಿದ್ದ, ಚುಚ್ಚಿದ ಕಾಯಿಗಳನ್ನೆಲ್ಲ ದಿನವೂ ಆರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಒಂದು ವಾರ ಬಿಸಿಲಿಗಿಡಿ. ಗೊಬ್ಬರದ ಗುಂಡಿಗೆ ಎಸೆದರೆ ನೊಣವನ್ನು ಸಾಕಿದಂತೆಯೇ. ಬಳ್ಳಿಯ ಕೆಳಗಿನ ಮಣ್ಣನ್ನು ವಾರಕ್ಕೊಮ್ಮೆ ಎರಡು ಮೂರು ಅಂಗುಲ ಕೆದಕಿ ಬಿಸಿಲು ತೋರಿಸಿ. ಹೀಚು ನಿಂತ ಎರಡನೆಯ ಮೂರನೆಯ ದಿನಕ್ಕೇ ಕಾಗದದ ಅಥವಾ ತೆಳು ಬಟ್ಟೆಯ ಚೀಲ ತೊಡಿಸಿದರೆ ಮನೆಯ ಮಟ್ಟಿಗೆ ಅದಕ್ಕಿಂತ ಒಳ್ಳೆಯ ರಕ್ಷಣೆಯಿಲ್ಲ.

ಇಷ್ಟಕ್ಕೂ ಬಗ್ಗದಿದ್ದರೆ ನೊಣವನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆ ತೂಗಿಸಿ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಮಾವಿನ ನೊಣಕ್ಕೆ ಬಳಸುವ ಮೀಥೈಲ್ ಯೂಜಿನಾಲ್ ಬಲೆಗೆ ಈ ಬಳ್ಳಿಗಳ ನೊಣ ಬರುವುದಿಲ್ಲ. ತರಕಾರಿ ಬಳ್ಳಿಗೆ ಕ್ಯೂ ಲೂರ್ ಇರುವ ಬಲೆಯನ್ನೇ ಕೇಳಬೇಕು. ಅಂಗಡಿಯವರೊಬ್ಬರು ಕೊಟ್ಟ ಮಾವಿನ ಬಲೆಯನ್ನು ತೂಗಿಸಿಕೊಂಡು ನಾನು ಒಂದು ಇಡೀ ಹಾಗಲದ ಫಸಲನ್ನು ಕಳೆದುಕೊಂಡಿದ್ದೇನೆ. ಸರಿಯಾದ ಬಲೆಯೂ ಗಂಡು ನೊಣಗಳನ್ನು ಮಾತ್ರ ಹಿಡಿಯುತ್ತದೆ, ಆದ್ದರಿಂದ ಬಿದ್ದ ಕಾಯಿ ಆರಿಸುವುದನ್ನು ನಿಲ್ಲಿಸುವಂತಿಲ್ಲ.

ಲಕ್ಷಣ: ಎಲೆಯ ಮೇಲೆ ಪುಡಿ, ಮಚ್ಚೆ, ಗೆರೆ, ತೂತು

ಇಬ್ಬನಿ ಆರುವ ಮುನ್ನ ನೋಡಬೇಕಾದ ಲಕ್ಷಣಗಳಿವು. ಎಲೆಯ ಮೇಲ್ಭಾಗದಲ್ಲಿ ವಿಭೂತಿ ಚೆಲ್ಲಿದಂತೆ ಬಿಳಿ ಪುಡಿಯಿದ್ದು ಬೆರಳಿಗೆ ಅಂಟಿದರೆ ಅದು ಬೂದಿ ರೋಗ. ಮಳೆ ನಿಂತು ಚಳಿ ಬರುವ ತಿಂಗಳುಗಳಲ್ಲಿ, ದಟ್ಟವಾದ ಚಪ್ಪರದ ನೆರಳಿನ ಭಾಗದಲ್ಲಿ ಹೆಚ್ಚು. ಮೇಲ್ಭಾಗದಲ್ಲಿ ನರಗಳ ನಡುವೆ ಮೂಲೆಗಳಿರುವ ಹಳದಿ ಮಚ್ಚೆ, ಅದೇ ಜಾಗದ ಅಡಿಯಲ್ಲಿ ಬೂದು ನೇರಳೆಯ ಬೂಜು ಕಂಡರೆ ಅದು ಬೂಜು ರೋಗ, ಅಂದರೆ ಮಳೆಗಾಲದ ರೋಗ. ಆ ಬೂಜು ಬಿಸಿಲೇರಿದ ಮೇಲೆ ಸರಿಯಾಗಿ ಕಾಣುವುದಿಲ್ಲ, ಆಗ ಹಳದಿ ಮಚ್ಚೆಯನ್ನು ಪೋಷಕಾಂಶದ ಕೊರತೆಯೆಂದು ತಿಳಿದು ಗೊಬ್ಬರ ಹಾಕುವವರೇ ಹೆಚ್ಚು. ಎರಡಕ್ಕೂ ಮೊದಲ ಮದ್ದು ಗಾಳಿ: ರೋಗದ ಎಲೆಗಳನ್ನು, ಬುಡದ ಎರಡಡಿಯ ಎಲೆಗಳನ್ನು ತೆಗೆದು, ನೀರನ್ನು ಎಲೆಗಲ್ಲದೆ ಬುಡಕ್ಕೆ ಬೆಳಿಗ್ಗೆ ಕೊಡಬೇಕು. ಬೂದಿ ರೋಗ ಇನ್ನೂ ಹರಡಿದರೆ ನೀರಿನಲ್ಲಿ ಕರಗುವ ಗಂಧಕ ಬಳಸುವುದುಂಟು, ಆದರೆ ಈ ಜಾತಿಯ ಬಳ್ಳಿಗಳ ಎಲೆ ಬಿಸಿಲಿನಲ್ಲಿ ಗಂಧಕಕ್ಕೆ ಸುಡುತ್ತದೆ. ಬೇಸಗೆಯಲ್ಲಿ ಬೇಡ, ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೆ ಖಂಡಿತ ಬೇಡ, ಎರಡು ಎಲೆಯ ಮೇಲೆ ಮೊದಲು ಪರೀಕ್ಷಿಸದೆ ಎಂದಿಗೂ ಬೇಡ.

ಎಲೆಯ ಮೇಲೆ ಹಾವು ಹರಿದಂತೆ ಬಿಳಿ ಗೆರೆ ಬರೆಯುವುದು ರಂಗೋಲಿ ಹುಳು. ನಾಲ್ಕಾರು ಎಲೆಗೆ ಬಂದರೆ ಕಿತ್ತೆಸೆದು ಸುಮ್ಮನಿರಿ, ಬಳ್ಳಿ ಸಹಿಸಿಕೊಳ್ಳುತ್ತದೆ. ಎರಡೆಲೆಯ ಸಸಿಗಳನ್ನೇ ಜರಡಿ ಮಾಡುವ ಕಿತ್ತಳೆಗೆಂಪು ದುಂಬಿ ನಸುಕಿನ ಚಳಿಯಲ್ಲಿ ಜಡವಾಗಿರುತ್ತದೆ. ಸೋಪಿನ ನೀರಿನ ಪಾತ್ರೆಯೊಳಕ್ಕೆ ಆಗ ತಟ್ಟಿಬಿಟ್ಟರೆ ಸಾಕು, ಮಧ್ಯಾಹ್ನ ಹೋದರೆ ಹಾರಿಹೋಗುತ್ತದೆ. ಎಲೆ ಮುದುರಿ, ಹಸಿರು ಹಳದಿ ಚಿತ್ತಾರವಾಗಿ, ಚಿಗುರು ಗಿಡ್ಡಾಗುತ್ತಾ ಬಂದರೆ ಅದು ನಂಜು ರೋಗ. ಅದಕ್ಕೆ ಮದ್ದಿಲ್ಲ. ಬಳ್ಳಿಯನ್ನು ಬೇರುಸಹಿತ ಕಿತ್ತು ಚೀಲದಲ್ಲಿ ಕಟ್ಟುವುದು ಕಷ್ಟದ ನಿರ್ಧಾರ, ಆದರೆ ಬಿಳಿನೊಣ, ಸಸ್ಯಹೇನುಗಳ ಮೂಲಕ ಅದು ಪಕ್ಕದ ಬಳ್ಳಿಗೆ, ಪಕ್ಕದ ಮನೆಗೆ ಹೋಗುವುದನ್ನು ತಡೆಯುವ ದಾರಿ ಅದೊಂದೇ.

ಬೇವಿನೆಣ್ಣೆಯನ್ನು ಒಂದು ಲೀಟರ್ ನೀರಿಗೆ 5 ಮಿಲಿ, ಸ್ವಲ್ಪ ಸೋಪಿನ ದ್ರಾವಣದೊಂದಿಗೆ ಬಳಸಬಹುದು. "ಸಂಜೆ ಸಿಂಪಡಿಸಿ" ಎಂಬ ಸಾಮಾನ್ಯ ಸಲಹೆ ಹಾಗಲಕ್ಕೆ ಸರಿ, ಸಂಜೆಯೇ ಹೂ ಅರಳುವ ಹೀರೆ, ಸೋರೆಗೆ ಸರಿಯಲ್ಲ. ಅವಕ್ಕೆ ಹೂವು ಮುದುಡಿದ ಮೇಲೆ, ಬಿಸಿಲೇರುವ ಮುನ್ನ ಹೊಡೆಯುವುದು ಮೇಲು. ಚಪ್ಪರದ ಕೆಳಗೆ ನಿಂತು ಮೇಲಕ್ಕೆ ಹೊಡೆದರೆ ಹನಿಗಳು ಮುಖಕ್ಕೇ ಬೀಳುತ್ತವೆ. ಕನ್ನಡಕ, ಮುಖವಸ್ತ್ರ, ಕೈಗವಸು ಇಲ್ಲದೆ ಯಾವ ದ್ರಾವಣವನ್ನೂ ಹೊಡೆಯಬಾರದು. ಹೆಸರುಪಟ್ಟಿಯಿಲ್ಲದ ಬಾಟಲಿಯಲ್ಲಿ ಕೊಟ್ಟ ರಾಸಾಯನಿಕವನ್ನು ಮನೆಗೆ ತರಲೇಬೇಡಿ, ನಾಳೆ ಅದೇ ಕಾಯಿ ತಟ್ಟೆಗೆ ಬರುವುದು.

ಲಕ್ಷಣ: ಬಳ್ಳಿ ಬಾಡುತ್ತದೆ

ಮಧ್ಯಾಹ್ನ 1 ಗಂಟೆಗೆ ಎಲೆಗಳು ಕೊಡೆ ಮಡಚಿದಂತೆ ಇಳಿಬಿದ್ದು ಸಂಜೆಗೆ ಎದ್ದು ನಿಂತರೆ ದೋಷವಿಲ್ಲ, ಅಗಲ ಎಲೆಯ ಬಳ್ಳಿ ಬಿಸಿಲಿನಿಂದ ತನ್ನನ್ನು ಕಾಪಾಡಿಕೊಳ್ಳುವ ರೀತಿ ಅದು. ಆಗ ಗಾಬರಿಯಿಂದ ನೀರು ಸುರಿಯುವುದರಿಂದಲೇ ಬೇರು ಕೊಳೆಯುವುದು. ಬೆಳಿಗ್ಗೆ 6 ಗಂಟೆಗೂ ಬಾಡಿದ್ದರೆ ಮಾತ್ರ ಅದು ನಿಜವಾದ ಬಾಡು.

ಬುಡದಿಂದ ಗೇಣು ದೂರ ಬೆರಳನ್ನು ಎರಡು ಗಿಣ್ಣು ಇಳಿಸಿ ನೋಡಿ. ಒಣಗಿದ್ದರೆ ನೀರು ಕೊಡಿ, ಸಂಜೆಯೊಳಗೆ ಉತ್ತರ ಸಿಗುತ್ತದೆ. ಮಣ್ಣು ಒದ್ದೆಯಾಗಿದ್ದು ಹುಳಿ ವಾಸನೆ ಬಂದರೆ ಬೇರಿಗೆ ಉಸಿರಾಟವಿಲ್ಲ. ವಿಶ್ವೇಶ್ವರಯ್ಯ ನಾಲೆಯ ಬಯಲಿನ ಊರುಗಳಲ್ಲಿ, ನಾಲೆಗೆ ನೀರು ಬಿಟ್ಟ ದಿನಗಳಲ್ಲಿ ಹಿತ್ತಲಿನ ನೆಲದಡಿಯ ನೀರೂ ಮೇಲೇರುವುದರಿಂದ, ನಾವು ಹನಿ ನೀರು ಹಾಕದಿದ್ದರೂ ಹೀಗಾಗಬಹುದು. ಮಂಡ್ಯದ ಕಡೆ ನಮ್ಮ ಅವ್ವ ಒಂದಡಿ ಎತ್ತರದ ಗುಡ್ಡೆ ಮಾಡಿಯೇ ಬೀಜ ಊರುತ್ತಿದ್ದುದರ ಅರ್ಥ ನನಗೆ ತಿಳಿದದ್ದು ಬಹಳ ತಡವಾಗಿ.

ತೇವ ಸರಿಯಾಗಿದ್ದೂ ಬಾಡುತ್ತಿದ್ದರೆ ಬುಡದ ಕಾಂಡವನ್ನು ಸುತ್ತಲೂ ನೋಡಿ, ಇಲಿ ಕಡಿದ ಗುರುತಿರಬಹುದು, ಬಿಳಿ ಬೂಷ್ಟು ಇರಬಹುದು. ಮುಂದಿನ ಪರೀಕ್ಷೆಗೆ ಒಂದು ಬಳ್ಳಿ ಬಲಿಯಾಗಬೇಕು. ಅತಿ ಹೆಚ್ಚು ಬಾಡಿದ್ದನ್ನು ಅಗೆದು ಬೇರು ತೊಳೆಯಿರಿ. ಬೇರಿನ ಉದ್ದಕ್ಕೂ ಮಣಿ ಪೋಣಿಸಿದಂತೆ ಗಂಟುಗಳಿದ್ದರೆ ಬೇರುಗಂಟಿನ ಜಂತುಹುಳು. ಗಂಟಿಲ್ಲದೆ, ಕಾಂಡವನ್ನು ಉದ್ದಕ್ಕೆ ಸೀಳಿದಾಗ ಒಳಗೆ ಕಂದು ಗೆರೆ ಕಂಡರೆ ಸೊರಗು ರೋಗ. ಎರಡರಲ್ಲಿ ಯಾವುದಿದ್ದರೂ ಆ ಜಾಗದಲ್ಲಿ ಮುಂದಿನ ಎರಡು ಮೂರು ವರ್ಷ ಈ ಕುಟುಂಬದ ಬಳ್ಳಿ ಬೇಡ. ಜಂತುಹುಳುವಿಗೆ ಒಂದು ಹಂಗಾಮು ಚೆಂಡುಹೂವನ್ನು ಒತ್ತಾಗಿ ಬೆಳೆಸುವುದು ಸಹಾಯಮಾಡುತ್ತದೆ.

ಲಕ್ಷಣ: ಕಾಯಿ ಕಹಿಯಾಗಿದೆ

ಹಾಗಲ ಬಿಟ್ಟು ಬೇರೆ ಯಾವ ಕಾಯಿ ಕಹಿಯಾದರೂ ಅಲ್ಲಿಗೇ ನಿಲ್ಲಿಸಬೇಕು. ಸೋರೆ, ಹೀರೆಗಳಲ್ಲಿ ಕುಕುರ್ಬಿಟಾಸಿನ್ ಎಂಬ ವಿಷವಸ್ತು ಹೆಚ್ಚಾದಾಗ ಕಹಿ ಬರುತ್ತದೆ. ಬೇಯಿಸಿದರೂ, ಉಪ್ಪಿನಲ್ಲಿ ತೊಳೆದರೂ, ಬೆಲ್ಲ ಹಾಕಿದರೂ ಅದು ಹೋಗುವುದಿಲ್ಲ. ಕಹಿ ಸೋರೆಯ ರಸ ಕುಡಿದು ನಮ್ಮ ದೇಶದಲ್ಲಿ ಸಾವುಗಳು ಸಂಭವಿಸಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿ ಇದನ್ನು ಪರಿಶೀಲಿಸಿ ಕಹಿ ರಸವನ್ನು ಕುಡಿಯಲೇಬಾರದೆಂದು ಎಚ್ಚರಿಸಿದೆ. ಹೆಚ್ಚುವ ಮುನ್ನ ಪ್ರತಿ ಸೋರೆ, ಹೀರೆಯ ತುದಿಯ ಚೂರನ್ನು ನಾಲಗೆಗೆ ಮುಟ್ಟಿಸಿ ಉಗುಳುವ ನಮ್ಮ ಅಡುಗೆಮನೆಯ ಅಭ್ಯಾಸವನ್ನು ಮಕ್ಕಳಿಗೂ ಕಲಿಸಿ. ತಿಂದ ಮೇಲೆ ವಾಂತಿ, ಭೇದಿ, ಹೊಟ್ಟೆನೋವು, ವಾಂತಿಯಲ್ಲಿ ರಕ್ತ ಕಂಡರೆ ಮನೆಮದ್ದಿಗೆ ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸಬೇಕು, ಏನು ತಿಂದದ್ದೆಂದು ವೈದ್ಯರಿಗೆ ಹೇಳಬೇಕು.

ಬಳ್ಳಿಯ ಮಟ್ಟಿಗೆ ಹೇಳುವುದಾದರೆ, ತಾನಾಗಿ ಹುಟ್ಟಿದ, ಕಾಡುಜಾತಿಯೊಂದಿಗೆ ಬೆರೆತ ಬೀಜದ ಬಳ್ಳಿಯಲ್ಲಿ ಎಲ್ಲ ಕಾಯಿಗಳೂ ಕಹಿಯಾಗಿರುತ್ತವೆ. ಅದನ್ನು ಕಿತ್ತುಹಾಕಿ, ಬೀಜ ಇಡಬೇಡಿ. ಬರ, ಬಿಸಿಲಿನ ಒತ್ತಡದಲ್ಲೂ ಕಹಿ ಏರಬಹುದು, ಹಾಗಿದ್ದಾಗಲೂ ಕಹಿಯಾದ ಕಾಯಿಗೆ ಎರಡನೆಯ ಅವಕಾಶವಿಲ್ಲ.

ಯಾರನ್ನು ಕೇಳಬೇಕು, ಏನು ಒಯ್ಯಬೇಕು

ನಂಜು ರೋಗವೋ ಪೋಷಕಾಂಶದ ಕೊರತೆಯೋ ತಿಳಿಯದಿದ್ದರೆ, ಎರಡು ಮೂರು ಬಳ್ಳಿಗಳು ಒಂದೇ ವಾರದಲ್ಲಿ ಸೊರಗಿದರೆ, ಊಹೆಯ ಮೇಲೆ ಔಷಧಿ ಕೊಳ್ಳುವ ಬದಲು ತಿಳಿದವರ ಬಳಿ ಹೋಗಿ. ಮೈಸೂರಿನವರಿಗೆ ಯಲಚಹಳ್ಳಿಯ ತೋಟಗಾರಿಕೆ ಕಾಲೇಜು, ನಂಜನಗೂಡು ಕಡೆಯವರಿಗೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರ, ಮಂಡ್ಯದವರಿಗೆ ವಿ.ಸಿ. ಫಾರ್ಮಿನ ಕೃಷಿ ಕಾಲೇಜು ಇವೆ. ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿ ಎಲ್ಲರಿಗೂ ಇದೆ. ಪೂರ್ತಿ ಸತ್ತ ಎಲೆಯನ್ನು ಒಯ್ದರೆ ಅವರಿಗೂ ಏನೂ ತಿಳಿಯುವುದಿಲ್ಲ. ರೋಗ ಆಗಷ್ಟೇ ಆರಂಭವಾದ ಒಂದು ಎಲೆ, ನಡುವಿನ ಹಂತದ ಒಂದು, ಆರೋಗ್ಯದ ಒಂದು, ಮೂರನ್ನೂ ಒಣ ದಿನಪತ್ರಿಕೆಯ ಹಾಳೆಗಳ ನಡುವೆ ಇಡಿ. ಪ್ಲಾಸ್ಟಿಕ್ಕಿನಲ್ಲಿ ಇಟ್ಟರೆ ದಾರಿಯಲ್ಲೇ ಬೆವೆತು ಕೊಳೆಯುತ್ತದೆ. ಬಾಡಿದ ಬಳ್ಳಿಯಾದರೆ ಬೇರನ್ನು ಎಳೆದು ಕೀಳದೆ, ಸುತ್ತಲಿನ ಮಣ್ಣಿನ ಹೆಂಟೆಯ ಸಮೇತ ಅಗೆದು ಗೋಣಿತಟ್ಟಿನಲ್ಲಿ ಸುತ್ತಿ. ಬಿತ್ತಿದ ದಿನ, ಹಾಕಿದ ಗೊಬ್ಬರ, ಹೊಡೆದ ಔಷಧಿ, ಲಕ್ಷಣ ಮೊದಲು ಕಂಡದ್ದು ಯಾವ ದಿನ, ದಿನದ ಯಾವ ಹೊತ್ತಿನಲ್ಲಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಟ್ಟುಕೊಳ್ಳಿ.